ಗೋಡೆಯ ಕ್ಯಾಲೆಂಡರ್, ಒಂದು ಚಾಪೆ, ಆಮೇಲೆ ಬೈನಾಕ್ಯುಲರ್

ಮೂರು ವರ್ಷದ ಹಿಂದಿನ ಕೃಷ್ಣಾಷ್ಟಮಿಯ ರಾತ್ರಿ. ಉಡುಪಿಯಲ್ಲಿ ಆ ದಿನ ಚಂದ್ರ ಮೂಡುವ ಹೊತ್ತಿಗೆ ಅರ್ಘ್ಯ ಬಿಡುವ ಕ್ರಮ. ಚಂದ್ರ ಮೂಡುವುದು ನಡುರಾತ್ರಿಯ ಹತ್ತಿರ. ನಮ್ಮ ಮನೆ ಮಟ್ಟುವಿನಲ್ಲಿ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮೋಡ ಸರಿಯಲಿ ಅಂತ ನಾನೂ ಅತ್ತೆಯೂ ಅಂಗಳದಲ್ಲಿ ಕಾಯುತ್ತಾ ನಿಂತಿದ್ದೆವು. ಕೊನೆಗೆ ತೆಂಗಿನ ಮರಗಳ ಸಂದಿನಲ್ಲಿ ಅರ್ಧ ಚಂದ್ರ ಕಂಡ. ಅವನ ಬಲಕ್ಕೆ ಸ್ವಲ್ಪ ದೂರದಲ್ಲಿ ಕೆಂಪು ಕೆಂಪಾಗಿ ಒಂದು ನಕ್ಷತ್ರ.

“ಅತ್ತೆ, ಇವತ್ತು ರೋಹಿಣಿ ಅಂದಿರಲ್ಲ, ರೋಹಿಣಿ ಅಂದ್ರೆ ಯಾವುದು?”

“ಕ್ಯಾಲೆಂಡರಿನಲ್ಲಿ ಉಂಟು ಮಾರಾಯ್ತಿ. ಆಕಾಶದಲ್ಲಿ ನಾನು ನೋಡಿದ್ದಿಲ್ಲ.”

ನಾವಿಬ್ಬರೂ ನೋಡುತ್ತಾ ನಿಂತಿದ್ದದ್ದೇ ರೋಹಿಣಿ ಅಂತ ಗೊತ್ತಾದದ್ದು ಮರುದಿನ. ಅತ್ತೆಗೆ ಆಗ 68 ವರ್ಷ. ರೋಹಿಣಿಯ ಬೆಳಕು ನಮ್ಮನ್ನು ತಲುಪಲು ಸುಮಾರು 65 ವರ್ಷ ಬೇಕು. ಅತ್ತೆ ಮೂರು ವರ್ಷದ ಮಗುವಾಗಿದ್ದಾಗ ಹೊರಟ ಬೆಳಕು ಆ ರಾತ್ರಿ ನಮ್ಮ ಅಂಗಳಕ್ಕೆ ಬಂದಿತ್ತು. ಇದನ್ನು ಅತ್ತೆಗೆ ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ. ನನ್ನ ನಕ್ಷತ್ರ ನೋಡುವ ಹವ್ಯಾಸ ಶುರುವಾದದ್ದು ಅಲ್ಲಿಂದ.

ಈಗ ಯಾರಾದರೂ “ನನಗೂ ಆಸೆ ಉಂಟು, ಯಾವ ಟೆಲಿಸ್ಕೋಪ್ ತಗೊಳ್ಳಲಿ?” ಅಂತ ಕೇಳುತ್ತಾರೆ. ಸದ್ಯಕ್ಕೆ ಯಾವುದೂ ಬೇಡ ಅನ್ನುತ್ತೇನೆ. ನಾನು ಕಟಪಾಡಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಇದರ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಮೂರು ವರ್ಷದಲ್ಲಿ ಒಟ್ಟು 6,220 ರೂಪಾಯಿ. ಹಳೆಯ ಬೈನಾಕ್ಯುಲರ್ 1,500, ಹೊಸತು 4,200, ಗಾಳಿಯಾಡದ ಡಬ್ಬ 320, ಸಿಲಿಕಾ ಜೆಲ್ 150, ನೋಟ್‌ಬುಕ್ 40, ಕೆಂಪು ಗಾಜಿನ ಕಾಗದ 10. ಮೊದಲ ಎಂಟು ತಿಂಗಳಲ್ಲಿ ಖರ್ಚಾದದ್ದು ಕೊನೆಯ ಎರಡಕ್ಕೆ ಮಾತ್ರ, 50 ರೂಪಾಯಿ. ಅತಿ ಹೆಚ್ಚು ಕಲಿತದ್ದೂ ಆ ಎಂಟು ತಿಂಗಳಲ್ಲೇ.

ನಕ್ಷೆ ಗೋಡೆಯ ಮೇಲೆ ಉಂಟು

ನಮ್ಮ ಕಡೆ ಎಲ್ಲರ ಮನೆಯಲ್ಲೂ ತಿಥಿ, ನಕ್ಷತ್ರ ಇರುವ ಕ್ಯಾಲೆಂಡರ್ ಇರುತ್ತದೆ. ಬ್ಯಾಂಕ್ ಕೊಟ್ಟದ್ದೋ ಅಂಗಡಿಯವರು ಕೊಟ್ಟದ್ದೋ. ತಾರೀಕಿನ ಕೆಳಗೆ ಸಣ್ಣ ಅಕ್ಷರದಲ್ಲಿ “ರೋಹಿಣಿ”, “ಮಖಾ” ಅಂತ ಇರುತ್ತದಲ್ವಾ? ಅದು ಚಂದ್ರನ ವಿಳಾಸ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27 ದಿನ ಚಿಲ್ಲರೆ ಬೇಕು. ಆ ದಾರಿಯನ್ನು ಹಿರಿಯರು 27 ಭಾಗ ಮಾಡಿ ಒಂದೊಂದಕ್ಕೂ ಹತ್ತಿರದ ನಕ್ಷತ್ರದ ಹೆಸರಿಟ್ಟರು. ಕ್ಯಾಲೆಂಡರಿನಲ್ಲಿ ಇವತ್ತು ಚಿತ್ತಾ ಅಂತ ಇದ್ದರೆ, ಇವತ್ತು ಚಂದ್ರ ಚಿತ್ತಾದ ಹತ್ತಿರ ಇದ್ದಾನೆ ಅಂತ ಅರ್ಥ.

ಹಾಗಾದರೆ ಮಾಡಬೇಕಾದ್ದು ಇಷ್ಟೇ. ಕ್ಯಾಲೆಂಡರ್ ನೋಡಿ, ರಾತ್ರಿ ಹೊರಗೆ ಬನ್ನಿ, ಚಂದ್ರನ ಅಕ್ಕಪಕ್ಕ ಎದ್ದು ಕಾಣುವ ನಕ್ಷತ್ರ ಹುಡುಕಿ.

ಈ ಉಪಾಯ ಎಲ್ಲ 27ಕ್ಕೂ ನಡೆಯುವುದಿಲ್ಲ. ಚೆನ್ನಾಗಿ ನಡೆಯುವುದು ಆರಕ್ಕೆ. ಕೃತ್ತಿಕಾ, ರೋಹಿಣಿ, ಪುನರ್ವಸು, ಮಖಾ, ಚಿತ್ತಾ, ಜ್ಯೇಷ್ಠಾ. ಇವೆಲ್ಲ ಚಂದ್ರನ ದಾರಿಯ ಬದಿಯಲ್ಲೇ ಇವೆ. ಕೃತ್ತಿಕಾ ಅಂದರೆ ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಗುಂಪು. ಪುನರ್ವಸು ಜೋಡಿ ನಕ್ಷತ್ರ. ಜ್ಯೇಷ್ಠಾ ಕೆಂಪು, ವೃಶ್ಚಿಕದ ಎದೆಯಲ್ಲಿ. ಆದರೆ ಸ್ವಾತಿ, ಶ್ರವಣ ಇವು ಚಂದ್ರನ ದಾರಿಯಿಂದ ಬಹಳ ಉತ್ತರಕ್ಕೆ ಇವೆ. ಸ್ವಾತಿಯ ದಿನ ಚಂದ್ರನ ಪಕ್ಕದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನಾನು ಒಂದು ರಾತ್ರಿ ಹಾಗೆ ಹುಡುಕಿ ಸೋತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಕ್ಷತ್ರ ದಿನದ ಮಧ್ಯದಲ್ಲೇ ಬದಲಾಗುವುದುಂಟು. ರೋಹಿಣಿ ಮಧ್ಯಾಹ್ನಕ್ಕೆ ಮುಗಿದಿದ್ದರೆ ರಾತ್ರಿ ಚಂದ್ರ ಅದನ್ನು ದಾಟಿ ಪೂರ್ವಕ್ಕೆ ಹೋಗಿರುತ್ತಾನೆ. ದಿನಕ್ಕೆ 13 ಡಿಗ್ರಿ ಅವನ ನಡಿಗೆ. 13 ಡಿಗ್ರಿ ಅಂದರೆ ಎಷ್ಟು? ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಚಿಕ್ಕದು, ಹಾಗಾಗಿ ಅವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. ಅವನ ಬೆಳಕು ಜಾಸ್ತಿ ಆಯಿತು ಅನಿಸಿದರೆ ಕಿರುಬೆರಳು ಅಡ್ಡ ಹಿಡಿದು ಮುಚ್ಚಿಬಿಡಿ, ಪಕ್ಕದ ನಕ್ಷತ್ರ ಕಾಣುತ್ತದೆ.

ಹುಣ್ಣಿಮೆಯ ಹತ್ತಿರ ಇದನ್ನು ಮಾಡುವುದು ಕಷ್ಟ, ತೆಳು ಚಂದ್ರ ಇರುವಾಗ ಸುಲಭ. ಎಲ್ಲಕ್ಕಿಂತ ಸುಲಭದ ದಿನ ಅಕ್ಷಯ ತದಿಗೆ. ಆ ಸಂಜೆ ಕಡಲ ಬದಿಗೆ ಹೋಗಿ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಮೇಲೆ ಪಶ್ಚಿಮದಲ್ಲಿ ನೀರಿನ ಮೇಲೆ ಎಳೆಯ ಚಂದ್ರ ಇರುತ್ತಾನೆ. ಅವನ ಆಸುಪಾಸಿನಲ್ಲೇ ರೋಹಿಣಿಯೂ ಕೃತ್ತಿಕಾ ಗುಂಪೂ ಇರುತ್ತವೆ.

ಮಳೆಯ ಹೆಸರು, ಮೇಳದ ಕಾಲ

ಆರಿದ್ರೆ ಮಳೆ, ಪುನರ್ವಸು ಮಳೆ, ಪುಷ್ಯ ಮಳೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಹೆಸರು ಮಳೆಗೆ. ಇದರಲ್ಲಿ ಒಂದು ಸುಳಿವು ಉಂಟು. ಜೂನ್ ಕೊನೆಗೆ ಆರಿದ್ರೆ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹಗಲಲ್ಲಿ ಇರುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅಲ್ಲಿಂದ ಆರು ತಿಂಗಳು ಮುಂದಕ್ಕೆ ಎಣಿಸಿದರೆ ಡಿಸೆಂಬರ್ ಕೊನೆ. ಆಗ ಅದೇ ಆರ್ದ್ರಾ ಸಂಜೆ ಮೂಡಿ ಇಡೀ ರಾತ್ರಿ ಇರುತ್ತದೆ. ಯಾವ ಮಳೆಯ ಹೆಸರಿಗೂ ಆರು ತಿಂಗಳು ಸೇರಿಸಿ ನೋಡಿ. ಆ ನಕ್ಷತ್ರ ನೋಡುವ ಕಾಲ ಸಿಗುತ್ತದೆ. ಇದನ್ನು ತಿಳಿದ ದಿನ ಅಜ್ಜಿ ಇರಬೇಕಿತ್ತು ಅನಿಸಿತು.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವನ್ನು ಮರೆತುಬಿಡಿ. ನಮ್ಮ ಸೀಸನ್ ಯಕ್ಷಗಾನ ಮೇಳಗಳ ಸೀಸನ್. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವಾಗ ಆಕಾಶ ತಿಳಿಯಾಗುತ್ತದೆ. ಮೇ ತಿಂಗಳ ಪತ್ತನಾಜೆಗೆ, ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ಮೋಡ ಕಟ್ಟುತ್ತದೆ. ಆಗಸ್ಟಿನ ಪರ್ಸೀಡ್ ಉಲ್ಕೆಗಳ ಬಗ್ಗೆ ಪ್ರತಿ ವರ್ಷ ಸುದ್ದಿ ಬರುತ್ತದೆ, ಅದು ನಮ್ಮ ಕಡೆಯವರಿಗೆ ಅಲ್ಲ. ನಮಗೆ ಡಿಸೆಂಬರ್ 13, 14ರ ಜೆಮಿನಿಡ್ ಉಲ್ಕೆಗಳು ಉಂಟು. ಪುನರ್ವಸುವಿನ ಹತ್ತಿರದಿಂದ ಹೊರಟ ಹಾಗೆ ಕಾಣುತ್ತವೆ. ಚಂದ್ರ ಇಲ್ಲದ ವರ್ಷವಾದರೆ ರಾತ್ರಿ ಹನ್ನೊಂದರ ಮೇಲೆ ಸುಮ್ನೆ ಮಲಗಿ ಮೇಲೆ ನೋಡಿದರೆ ಸಾಕು. ಯಾವ ಉಪಕರಣವೂ ಬೇಡ.

ಆಟ ನೋಡಿ ಬೆಳಗಿನ ಜಾವ ಮನೆಗೆ ಬರುವಾಗಲೂ ಒಮ್ಮೆ ಸ್ಕೂಟರ್ ನಿಲ್ಲಿಸಿ. ಫೆಬ್ರವರಿಯಲ್ಲಿ ನಾಲ್ಕೂವರೆಗೆ ಆಗ್ನೇಯದಲ್ಲಿ ವೃಶ್ಚಿಕ ಕೊಂಡಿ ಎತ್ತಿ ನಿಂತಿರುತ್ತದೆ. ಇಷ್ಟು ದೊಡ್ಡ, ಹೆಸರಿಗೆ ತಕ್ಕ ಆಕಾರ ಆಕಾಶದಲ್ಲಿ ಬೇರೆ ಇಲ್ಲ.

ಎಲ್ಲಿ ಮಲಗುವುದು

ಊರಿನಲ್ಲಿ ಟೆರೇಸ್ ಇದ್ದವರಿಗೂ ಟೆರೇಸ್ ಇಲ್ಲ. ಮಳೆಗೆ ಹೆದರಿ ಎಲ್ಲರೂ ಮೇಲೆ ಶೀಟ್ ಹಾಕಿಸಿದ್ದಾರೆ. ನಮ್ಮದೂ ಹಾಗೇ. ಅಂಗಳದಲ್ಲಿ ತೆಂಗಿನ ಮರಗಳು. ಹಾಗಾಗಿ ನಾನು ನವೆಂಬರ್‌ನಿಂದ ಕೊಯ್ಲಾದ ಗದ್ದೆಗೆ ಹೋಗುತ್ತೇನೆ. ಮಟ್ಟುವಿನಲ್ಲಿ ಭತ್ತ ತೆಗೆದ ಮೇಲೆ ಗುಳ್ಳ ಬದನೆ ನೆಡುವ ಗದ್ದೆಗಳಿವೆ, ಅಲ್ಲಿ ಕಾಲಿಡಬಾರದು. ಖಾಲಿ ಬಿಟ್ಟ ಗದ್ದೆ ಯಾರದ್ದೆಂದು ಕೇಳಿ, ಹೇಳಿ ಹೋಗಿ. ಗದ್ದೆಯ ಅಂಚಿನ ಹುಣಿಯ ಮೇಲೆ ನಡೆಯುವಾಗ ಟಾರ್ಚ್ ಬೇಕೇ ಬೇಕು, ಹಾವು ಇರುತ್ತದೆ. ಟಾರ್ಪಾಲು ಹಾಸಿ ಅದರ ಮೇಲೆ ಚಾಪೆ ಹಾಕಿ. ತಲೆಗೆ ಬೈರಾಸು ಸುತ್ತಿಕೊಳ್ಳಿ, ಹತ್ತು ಗಂಟೆಯ ಮೇಲೆ ಇಬ್ಬನಿ ಬೀಳುತ್ತದೆ. ಸೊಳ್ಳೆಗೆ ಕೈಕಾಲಿಗೆ ಏನಾದರೂ ಹಚ್ಚಿಕೊಂಡರೆ ಆ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ.

ಕಡಲ ಬದಿ ಚೆಂದ, ಆದರೆ ಪಶ್ಚಿಮದಲ್ಲಿ ಬೋಟುಗಳ ದೀಪ ಇರುತ್ತದೆ. ನಮಗೆ ದಕ್ಷಿಣದಲ್ಲಿ ಕಾಪುವಿನ ದೀಪಸ್ತಂಭ. 1901ರಿಂದ ಅದು ಮಿನುಗುತ್ತಾ ಇದೆ, ಅದಕ್ಕೆ ಬೆನ್ನು ಹಾಕಿ ಕೂರುವುದನ್ನು ನಾವೇ ಕಲಿಯಬೇಕು. ಹೆದ್ದಾರಿ 66ರ ಹೈಮಾಸ್ಟ್ ದೀಪ ಅದಕ್ಕಿಂತ ದೊಡ್ಡ ತೊಂದರೆ. ಹೆದ್ದಾರಿಗೂ ನಿಮಗೂ ನಡುವೆ ಒಂದು ತೋಟ ಇರುವ ಜಾಗ ಹುಡುಕಿ. ಹೆಂಗಸರು ಒಬ್ಬರೇ ಹೋಗಬೇಡಿ. ನಾನು ಯಾವಾಗಲೂ ನಮ್ಮವರನ್ನೋ ಪಕ್ಕದ ಮನೆಯ ಮಕ್ಕಳನ್ನೋ ಕರೆದುಕೊಂಡು ಹೋಗುತ್ತೇನೆ. ಬೀಚಿನ ಹತ್ತಿರದ ಮನೆಯವರಿಗೆ ಮೊದಲೇ ಹೇಳಿಡುತ್ತೇನೆ.

ಮಂಗಳೂರು ಪೇಟೆಯವರಿಗೆ ಕಷ್ಟ ಜಾಸ್ತಿ. ಫ್ಲ್ಯಾಟಿನ ಬಾಲ್ಕನಿಯಿಂದ ಚಂದ್ರ, ಗ್ರಹ, ದೊಡ್ಡ ನಕ್ಷತ್ರ ನೋಡಬಹುದು, ಅದನ್ನು ಬಿಡಬೇಡಿ. ಕತ್ತಲೆ ಬೇಕಾದರೆ ನೆಂಟರ ಮನೆಯೇ ದಾರಿ. ಬೆಳ್ತಂಗಡಿ, ಹೆಬ್ರಿ, ಕಾರ್ಕಳದ ಒಳಗಿನ ಊರುಗಳಲ್ಲಿ ನೇಮಕ್ಕೋ ಪೂಜೆಗೋ ಹೇಗೂ ಹೋಗುತ್ತೀರಲ್ವಾ, ಅಡಿಕೆ ಒಣಗಿಸುವ ಅಂಗಳ ಅಲ್ಲಿ ತೆರೆದೇ ಇರುತ್ತದೆ. ಊಟ ಆದ ಮೇಲೆ ಅಂಗಳದ ದೀಪ ಅರ್ಧ ಗಂಟೆ ಆರಿಸಲು ಕೇಳಿ. ಜಾಗದ ಕತ್ತಲೆ ಅಳೆಯಲು ಒಂದು ಪರೀಕ್ಷೆ ಉಂಟು. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಎಣಿಸಲು ಆಗುತ್ತದೆ ನೋಡಿ. ಮೂರೋ ನಾಲ್ಕೋ ಆದರೆ ಸಾಧಾರಣ. ಆರು ಸಿಕ್ಕಿದರೆ ಜಾಗ ಒಳ್ಳೆಯದು.

ಕಣ್ಣಿಗೆ ಕತ್ತಲೆ ಒಗ್ಗಲು 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲ್ ತೆಗೆದು ಮೆಸೇಜ್ ನೋಡಿದಿರೋ, ಪುನಃ ಮೊದಲಿಂದ. ಕೆಂಪು ಬೆಳಕು ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ. ಅದಕ್ಕೇ ಟಾರ್ಚಿನ ಮುಖಕ್ಕೆ ಎರಡು ಪದರ ಕೆಂಪು ಗಾಜಿನ ಕಾಗದ, ಒಂದು ರಬ್ಬರ್ ಬ್ಯಾಂಡ್. ಮೊಬೈಲಿನಲ್ಲಿ ಸ್ಟೆಲೇರಿಯಂ ಆ್ಯಪ್ ಉಚಿತ, ಒಳ್ಳೆಯದು. ಅದರಲ್ಲಿ ರಾತ್ರಿಗೆಂದು ಪರದೆ ಕೆಂಪು ಮಾಡುವ ವ್ಯವಸ್ಥೆ ಉಂಟು. ಆದರೂ ನನ್ನ ಕ್ರಮ ಏನೆಂದರೆ ಮೊದಲು ಕಣ್ಣಿನಿಂದ ಹುಡುಕುವುದು, ನೋಟ್‌ಬುಕ್‌ನಲ್ಲಿ ಚುಕ್ಕಿ ಹಾಕಿಕೊಳ್ಳುವುದು, ಮನೆಗೆ ಬಂದು ಆ್ಯಪ್‌ನಲ್ಲಿ ಸರಿಯಾ ತಪ್ಪಾ ನೋಡುವುದು. ಮೊಬೈಲ್ ಎತ್ತಿ ಹಿಡಿದು ಅದು ಹೇಳಿದ ಹೆಸರು ಓದಿದರೆ ಮರುದಿನ ಒಂದೂ ನೆನಪಿರುವುದಿಲ್ಲ.

ಜನವರಿಯ ಮೊದಲ ಪಾಠ

ಜನವರಿ ಮಧ್ಯದಲ್ಲಿ, ಚಂದ್ರ ಇಲ್ಲದ ರಾತ್ರಿ, ಒಂಬತ್ತು ಗಂಟೆಗೆ ಕಾಲು ದಕ್ಷಿಣಕ್ಕೆ ಮಾಡಿ ಮಲಗಿ. ಕಡಲು ನಿಮ್ಮ ಬಲಕ್ಕೆ, ಘಟ್ಟ ಎಡಕ್ಕೆ. ನೆತ್ತಿಯ ಮೇಲೆ ಕೆಂಪಾಗಿ ಇರುವುದು ರೋಹಿಣಿ. ಅದರ ಪಕ್ಕ, ಕಡಲಿನ ಕಡೆಗೆ ಒಂದೂವರೆ ಮುಷ್ಟಿಯೊಳಗೆ ಕೃತ್ತಿಕಾ. ನೆತ್ತಿಯಿಂದ ಎಡಕ್ಕೆ ಇಳಿದರೆ ಸಾಲಾಗಿ ಮೂರು ನಕ್ಷತ್ರ. ಅದು ಮಹಾವ್ಯಾಧನ, ಅಂದರೆ ಇಂಗ್ಲಿಷಿನ ಓರಿಯನ್ ಬೇಟೆಗಾರನ, ಸೊಂಟದ ಪಟ್ಟಿ. ಯಾರಿಗೂ ತಪ್ಪುವುದಿಲ್ಲ. ಪಟ್ಟಿಯ ಉತ್ತರಕ್ಕೆ ಕೆಂಪು ಆರ್ದ್ರಾ. ಪಟ್ಟಿಯ ಮೂರು ನಕ್ಷತ್ರಗಳಿಗೆ ಗೆರೆ ಎಳೆದು ಒಂದು ಬದಿಗೆ ಮುಂದುವರಿಸಿದರೆ ರೋಹಿಣಿ, ಇನ್ನೊಂದು ಬದಿಗೆ ಲುಬ್ಧಕ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಅತಿ ಹೆಚ್ಚು ಹೊಳೆಯುವುದು ಲುಬ್ಧಕವೇ.

ಹತ್ತೂವರೆಯವರೆಗೆ ಕಾಯಿರಿ. ದಕ್ಷಿಣದಲ್ಲಿ, ನೆಲದಿಂದ ಎರಡು ಮುಷ್ಟಿ ಮೇಲೆ, ಒಂಟಿಯಾಗಿ ಇನ್ನೊಂದು ಬರುತ್ತದೆ. ಅದು ಅಗಸ್ತ್ಯ. ಹೊಳಪಿನಲ್ಲಿ ಎರಡನೆಯದು. ದಕ್ಷಿಣಕ್ಕೆ ಬಂದ ಋಷಿಯ ಹೆಸರು ಅದಕ್ಕೆ ಯಾಕೆ ಬಂತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ಧ್ರುವ. ಎಲ್ಲರೂ ಅದನ್ನು ತುಂಬ ಮೇಲೆ, ತುಂಬ ದೊಡ್ಡದಾಗಿ ಹುಡುಕುತ್ತಾರೆ. ಧ್ರುವ ದೊಡ್ಡ ನಕ್ಷತ್ರವೇನೂ ಅಲ್ಲ. ಅದರ ಎತ್ತರ ನಮ್ಮ ಊರಿನ ಅಕ್ಷಾಂಶದಷ್ಟೇ. ಉಡುಪಿ, ಮಂಗಳೂರಿಗೆ ಅದು 13 ಡಿಗ್ರಿ. ಅಂದರೆ ನೇರ ಉತ್ತರದಲ್ಲಿ ನೆಲದಿಂದ ಒಂದು ಮುಷ್ಟಿ, ಅದರ ಮೇಲೆ ಮೂರು ಕಿರುಬೆರಳು. ನಮ್ಮ ಮನೆಯಿಂದ ನೋಡಿದರೆ ಅದು ಪಕ್ಕದ ಮನೆಯ ತೆಂಗಿನ ಗರಿಯೊಳಗೆ ಇರುತ್ತದೆ. ಗದ್ದೆಗೆ ಬಂದ ಮೇಲೆಯೇ ನಾನು ಅದನ್ನು ನೋಡಿದ್ದು.

ಬೈನಾಕ್ಯುಲರ್ ಕೊಳ್ಳುವಾಗ

ಒಂದು ಸೀಸನ್ ಬರಿಗಣ್ಣಿನಲ್ಲಿ ಕಳೆದ ಮೇಲೆ ಬೈನಾಕ್ಯುಲರ್ ತಗೊಳ್ಳಿ. ಅದರ ಮೇಲೆ 10×50 ಅಥವಾ 7×50 ಅಂತ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮುಖ್ಯ ಎರಡನೆಯದು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲವಾಗುತ್ತದೆ. 50 ಮಿಲಿಮೀಟರಿನ ಗಾಜು ಅದಕ್ಕಿಂತ 50 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಜೂಮ್ ಇರುವುದು ಬೇಡ. ಕೆಂಪು ಕೆಂಪಾಗಿ ಹೊಳೆಯುವ ಗಾಜಿನದ್ದೂ ಬೇಡ. ಹಸಿರು ಅಥವಾ ನೇರಳೆ ಛಾಯೆ ಇದ್ದರೆ ಒಳ್ಳೆಯದು.

ಅಂಗಡಿಯಲ್ಲಿ ಮೂರು ಕೆಲಸ ಮಾಡಿ. ಮೆಲ್ಲಗೆ ಅಲ್ಲಾಡಿಸಿ, ಒಳಗೆ ಏನೂ ಸದ್ದಾಗಬಾರದು. ದೂರದ ಬೋರ್ಡ್ ನೋಡಿ, ಅಕ್ಷರ ಎರಡೆರಡಾಗಿ ಕಂಡರೆ ಬೇಡ. ಆಮೇಲೆ ಬೈನಾಕ್ಯುಲರನ್ನು ಬೆಳಕಿನ ಕಡೆಗೆ ಹಿಡಿದು ಒಂದು ಅಡಿ ದೂರದಿಂದ ಕಣ್ಣಿಡುವ ಗಾಜನ್ನು ನೋಡಿ. ಅಲ್ಲಿ ಕಾಣುವ ಬೆಳಕಿನ ಚುಕ್ಕಿ ದುಂಡಗೆ ಇರಬೇಕು, ಅಂಚು ಕತ್ತರಿಸಿದ ಹಾಗಿದ್ದರೆ ಒಳಗಿನ ಪ್ರಿಸಂ ಸಾಧಾರಣದ್ದು.

10×50 ಒಂದು ಕಿಲೋ ಹತ್ತಿರ ತೂಗುತ್ತದೆ. ಕೈ ನಡುಗಿದರೆ ನಕ್ಷತ್ರವೂ ನಡುಗುತ್ತದೆ. ಮಲಗಿ ನೋಡಿ, ಅಥವಾ ಮನೆಯ ಹಳೆ ಈಸಿಚೇರ್‌ನಲ್ಲಿ ಒರಗಿ ಮೊಣಕೈ ಊರಿ. ನಾನು ನಿಂತು ನೋಡುವಾಗ ತುದಿ ಕವಲೊಡೆದ ಒಂದು ಕೋಲನ್ನು ನೆಲಕ್ಕೆ ಊರಿ ಅದರ ಮೇಲೆ ಇಡುತ್ತೇನೆ.

ಮೊದಲು ಚಂದ್ರನನ್ನು ನೋಡಿ. ಹುಣ್ಣಿಮೆಯ ದಿನ ಅಲ್ಲ, ಅಷ್ಟಮಿಯ ಸುಮಾರಿಗೆ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಗುಂಡಿಗಳ ನೆರಳು ಬೀಳುತ್ತದೆ. ಆಮೇಲೆ ಕೃತ್ತಿಕಾ. ಆರು ಇದ್ದದ್ದು ಹತ್ತಾರು ಆಗುತ್ತದೆ, ಮಕ್ಕಳು ಕೂಗಿಕೊಳ್ಳುವುದು ಇದಕ್ಕೆ. ಮಹಾವ್ಯಾಧನ ಪಟ್ಟಿಯ ಕೆಳಗೆ ತೂಗುವ ಖಡ್ಗದ ಮಧ್ಯದಲ್ಲಿ ಹೊಗೆಯ ಹಾಗೆ ಒಂದು ಮಸುಕು ಉಂಟು, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಾಗ ಅದು. ಪುನರ್ವಸುವಿಗೂ ಮಖಾಕ್ಕೂ ನಡುವೆ ಪುಷ್ಯ, ಬರಿಗಣ್ಣಿಗೆ ಏನೂ ಅಲ್ಲ, ಬೈನಾಕ್ಯುಲರಿನಲ್ಲಿ ಮಲ್ಲಿಗೆ ಚೆಲ್ಲಿದ ಹಾಗೆ. ನವೆಂಬರಿನಲ್ಲಿ ಉತ್ತರದ ಕಡೆಗೆ ಆಂಡ್ರೊಮಿಡಾ ಗೆಲಾಕ್ಸಿ ಸಿಗುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರದ್ದು, ಅಂದರೆ ಬೆಳಕಿಗೇ ಇಲ್ಲಿಗೆ ಬರಲು 25 ಲಕ್ಷ ವರ್ಷ ಬೇಕು. ನೋಡಲು ಬರೀ ಒಂದು ಮಂಜಿನ ಚುಕ್ಕೆ. ಆದರೂ ನಾನು ಪ್ರತಿ ವರ್ಷ ಹುಡುಕಿ ನೋಡುತ್ತೇನೆ.

ಗುರು ಗ್ರಹ ಸಿಕ್ಕಿದರೆ ಕೈ ಗಟ್ಟಿಯಾಗಿ ಊರಿ ನೋಡಿ. ಪಕ್ಕದಲ್ಲಿ ಗೆರೆ ಎಳೆದ ಹಾಗೆ ಎರಡೋ ಮೂರೋ ನಾಲ್ಕೋ ಚುಕ್ಕಿ ಇರುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಅದೇ ಉಪಗ್ರಹಗಳು. ಮರುದಿನ ಅವು ಜಾಗ ಬದಲಿಸಿರುತ್ತವೆ. ನೋಟ್‌ಬುಕ್‌ನಲ್ಲಿ ಒಂದು ವಾರ ಬರೆದುಕೊಳ್ಳಿ, ಅವು ಸುತ್ತುತ್ತಿರುವುದು ನಿಮಗೇ ತಿಳಿಯುತ್ತದೆ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ. ಒಂದು ಕ್ಷಣ ಸಾಕು ಕಣ್ಣು ಹೋಗಲು. ಮಕ್ಕಳಿದ್ದ ಮನೆಯಲ್ಲಿ ಹಗಲು ಬೈನಾಕ್ಯುಲರ್ ಕೈಗೆ ಸಿಗದ ಹಾಗೆ ಇಡಿ.

ಬೂಷ್ಟು

ಇದನ್ನು ಘಟ್ಟದ ಮೇಲಿನವರು ಬರೆದ ಪುಸ್ತಕಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ನಮಗೆ ಇದೇ ದೊಡ್ಡ ಶತ್ರು. ನಾನು ಮೊದಲು ತಗೊಂಡ 1,500 ರೂಪಾಯಿಯ ಹಳೆ ಬೈನಾಕ್ಯುಲರ್ ಒಳ್ಳೆಯದೇ ಇತ್ತು. ಮೇ ತಿಂಗಳಲ್ಲಿ ಅದನ್ನು ಅದರ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ, ಸೀರೆಗಳ ನಡುವೆ ಜೋಪಾನವಾಗಿ ಇಟ್ಟೆ. ಮಳೆಗಾಲದ ಆಟಿ ತಿಂಗಳು ಕಳೆದು ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಒರೆಸಿದರೆ ಹೋಗುವುದಲ್ಲ, ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ತುಂಬಾ ಬೇಜಾರಾಯಿತು. ಚರ್ಮದ ಚೀಲ, ಬಟ್ಟೆ, ಕತ್ತಲೆ, ಮಳೆಗಾಲದ ತೇವ, ಬೂಷ್ಟಿಗೆ ಬೇಕಾದ ಎಲ್ಲವನ್ನೂ ನಾನೇ ಒದಗಿಸಿದ್ದೆ.

ಈಗ ಮಾಡುವುದು ಹೀಗೆ. ನೋಡಿ ಬಂದ ಕೂಡಲೇ ಡಬ್ಬಕ್ಕೆ ಹಾಕುವುದಿಲ್ಲ. ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ಅರ್ಧ ಗಂಟೆ ಇಡುತ್ತೇನೆ. ಇಬ್ಬನಿ ಕೂತಿದ್ದರೆ ಸೆರಗಿನಲ್ಲಿ ಒರೆಸುವುದಿಲ್ಲ. ಕಡಲ ಗಾಳಿಯಲ್ಲಿ ಉಪ್ಪು, ಸಣ್ಣ ಮರಳು ಇರುತ್ತದೆ, ಒರೆಸಿದರೆ ಗೀರು ಬೀಳುತ್ತದೆ. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಆಮೇಲೆ ರಬ್ಬರ್ ಅಂಚಿನ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬದೊಳಗೆ, ಚೀಲ ಇಲ್ಲದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಬಣ್ಣ ಬದಲಿಸುವ ಜೆಲ್ ತಗೊಳ್ಳಿ. ನನ್ನದು ಕಿತ್ತಳೆ ಬಣ್ಣದ್ದು, ತೇವ ಹೀರಿದ ಮೇಲೆ ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಪುನಃ ಕಿತ್ತಳೆಯಾಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ಜೆಲ್ ಬದಲು ಅಕ್ಕಿ ಹಾಕಬೇಡಿ, ಅದರ ಹುಡಿ ಗಾಜಿಗೆ ಅಂಟುತ್ತದೆ. ಎರಡು ಮಳೆಗಾಲ ಕಳೆಯಿತು, ನನ್ನ ಎರಡನೆಯ ಬೈನಾಕ್ಯುಲರಿನ ಗಾಜು ಇನ್ನೂ ತಿಳಿಯಾಗಿದೆ.

ಟೆಲಿಸ್ಕೋಪ್ ಯಾವಾಗ

ಸುರತ್ಕಲ್‌ನಲ್ಲಿರುವ ನಮ್ಮ ಭಾವ ಮಗನಿಗೆಂದು ಒಂದು ತರಿಸಿದ್ದರು. ಡಬ್ಬದ ಮೇಲೆ 525 ಪಟ್ಟು ಅಂತ ದೊಡ್ಡದಾಗಿ ಬರೆದಿತ್ತು. ಗಾಜು 60 ಮಿಲಿಮೀಟರ್. ಗಾಜಿನ ಮಿಲಿಮೀಟರಿಗೆ ಎರಡು ಪಟ್ಟು, ಅದಕ್ಕಿಂತ ಹೆಚ್ಚು ದೊಡ್ಡದು ಮಾಡಿದರೆ ಮಸುಕು ಮಾತ್ರ ದೊಡ್ಡದಾಗುತ್ತದೆ. ಅಂದರೆ ಅದರ ಮಿತಿ 120. ಸ್ಟ್ಯಾಂಡ್ ಅಂತೂ ಗಾಳಿಗೇ ಅಲುಗುತ್ತಿತ್ತು. ಹುಡುಗ ಮೂರು ದಿನ ಪ್ರಯತ್ನಿಸಿ ಬಿಟ್ಟ. ಅವನಿಗೆ ಆಸಕ್ತಿ ಇತ್ತು, ಅದು ಹೋಯಿತಲ್ಲ ಅಂತ ನನಗೆ ಈಗಲೂ ಸಂಕಟ.

ಶನಿಯ ಬಳೆ ನೋಡಬೇಕು ಅಂತ ಎಲ್ಲರಿಗೂ ಇರುತ್ತದೆ. ಅದಕ್ಕೆ ಟೆಲಿಸ್ಕೋಪ್ ಬೇಕು, ನಿಜ. ಆದರೆ ನಿಮ್ಮದೇ ಆಗಬೇಕಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಉಂಟು, ಗ್ರಹಣಗಳಿಗೂ ವಿಶೇಷ ದಿನಗಳಿಗೂ ಸಾರ್ವಜನಿಕರಿಗೆ ತೋರಿಸುತ್ತಾರೆ. ಮಂಗಳೂರಿನವರಿಗೆ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ, 2018ರಲ್ಲಿ ಶುರುವಾದದ್ದು. ಗುಮ್ಮಟದೊಳಗೆ ಕೂತು ನೋಡಿದ್ದು ನಿಜವಾದ ಆಕಾಶ ಅಲ್ಲ, ಆದರೆ ಮಕ್ಕಳಿಗೆ ದಿಕ್ಕು ತಿಳಿಯಲು ಒಳ್ಳೆಯದು. ಬೇರೆಯವರ ಟೆಲಿಸ್ಕೋಪಿನಲ್ಲಿ ನಾಲ್ಕೈದು ಸಲ ನೋಡಿ. ಎರಡು ವರ್ಷ ಆದ ಮೇಲೂ ಆಸೆ ಹೋಗದಿದ್ದರೆ 5 ಅಥವಾ 6 ಇಂಚು ಕನ್ನಡಿಯ, ನೆಲದ ಮೇಲೆ ಪೆಟ್ಟಿಗೆಯಂಥ ಬುಡದಲ್ಲಿ ಕೂರುವ ಡಾಬ್ಸೋನಿಯನ್ ಟೆಲಿಸ್ಕೋಪ್‌ಗೆ ದುಡ್ಡು ಕೂಡಿಡಿ. ನಾನೂ ಸೊಸೈಟಿಯಲ್ಲಿ ಒಂದು ಆರ್‌ಡಿ ಮಾಡಿದ್ದೇನೆ.

ಪತ್ತನಾಜೆಗೆ ಮೊದಲು

ಏಪ್ರಿಲ್, ಮೇ ಮದುವೆಯ ಕಾಲ. ಮಂಟಪದಲ್ಲಿ ಹಗಲಲ್ಲೇ ಮದುಮಕ್ಕಳಿಗೆ ಅರುಂಧತಿ ತೋರಿಸುತ್ತಾರೆ. ಅದನ್ನು ನಿಜವಾಗಿ ನೋಡಬೇಕಾದರೆ ಅದೇ ರಾತ್ರಿ ಒಂಬತ್ತಕ್ಕೆ ಉತ್ತರಕ್ಕೆ ತಿರುಗಿ. ಸಪ್ತರ್ಷಿ ಮಂಡಲ ಎತ್ತರದಲ್ಲಿ ಇರುತ್ತದೆ. ಬಾಲದ ಮಧ್ಯದ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣದು ಅರುಂಧತಿ. ಬರಿಗಣ್ಣಿಗೆ ಕಂಡರೆ ದೃಷ್ಟಿ ಚೆನ್ನಾಗಿದೆ. ಅತ್ತೆಗೆ ಬೈನಾಕ್ಯುಲರಿನಲ್ಲಿ ತೋರಿಸಿದೆ. “ನನ್ನ ಮದುವೆಯಲ್ಲಿ ಭಟ್ರು ಬೆರಳು ತೋರಿಸಿದ್ದಕ್ಕೆ ಕಂಡಿತು ಅಂದುಬಿಟ್ಟಿದ್ದೆ” ಅಂದರು.

ಅದೇ ಬಾಲದ ಬಾಗನ್ನು ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದುವರಿಸಿದರೆ ಚಿತ್ತಾ. ಮೇ ಮಧ್ಯದ ಒಂಬತ್ತು ಗಂಟೆಗೆ ದಕ್ಷಿಣದಲ್ಲಿ, ನೆಲದಿಂದ ಒಂದೂವರೆ ಎರಡು ಮುಷ್ಟಿ ಮೇಲೆ, ತ್ರಿಶಂಕು ನಾಲ್ಕು ನಕ್ಷತ್ರದ ಶಿಲುಬೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ದೆಹಲಿಯಿಂದ ಇದು ಪೂರ್ತಿ ಕಾಣುವುದಿಲ್ಲ. ಅದರ ಎಡಕ್ಕೆ ಸ್ವಲ್ಪ ತಡವಾಗಿ ಮೇಲೆ ಬರುವ ಹೊಳೆಯುವ ನಕ್ಷತ್ರ ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವುದರಲ್ಲಿ ನಮಗೆ ಅತಿ ಹತ್ತಿರದ್ದು ಅದೇ, 4.4 ಜ್ಯೋತಿರ್ವರ್ಷ.

ಹತ್ತೂವರೆಯಾಗಲಿ. ಚಿತ್ತಾ ನೇರ ದಕ್ಷಿಣಕ್ಕೆ ಬಂದಿರುತ್ತದೆ. ಅಲ್ಲಿಂದ ಕೆಳಕ್ಕೆ, ನೇರವಾಗಿ, ಮೂರೂವರೆ ಮುಷ್ಟಿ ಇಳಿಯಿರಿ. ಬೈನಾಕ್ಯುಲರ್ ಅಲ್ಲಿಟ್ಟು ಮೆಲ್ಲಗೆ ಆಚೀಚೆ ಆಡಿಸಿ. ನಕ್ಷತ್ರಗಳ ನಡುವೆ ಒಂದು ದುಂಡಗಿನ ಮಸುಕು, ಹತ್ತಿ ಉಂಡೆಯ ಹಾಗೆ. ಅದು ಒಮೇಗಾ ಸೆಂಟಾರಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು, 17,000 ಜ್ಯೋತಿರ್ವರ್ಷ ದೂರ. ಯುರೋಪಿನ ಬಹುಪಾಲು ಜನರಿಗೆ ಅವರ ಮನೆಯಿಂದ ಇದು ಕಾಣುವುದೇ ಇಲ್ಲ. ನನಗೆ ಸಿಕ್ಕಿದ್ದು ಐದನೆಯ ರಾತ್ರಿ. ಕಾಪುವಿನ ದೀಪ ಕಣ್ಣಿಗೆ ಬೀಳದ ಹಾಗೆ ಒಂದು ತೆಂಗಿನ ಮರದ ಮರೆಯಲ್ಲಿ ಕೂತ ಮೇಲೆ.

ಪತ್ತನಾಜೆ ಬರುವುದು ಮೇ 24ರ ಸುಮಾರಿಗೆ. ಅದಕ್ಕೆ ಹಿಂದಿನ ಅಮಾವಾಸ್ಯೆ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ನೋಡಿ, ಪೆನ್ನಿನಲ್ಲಿ ಒಂದು ಸುತ್ತು ಹಾಕಿಡಿ.